ಅಪ್ಪ ಬೆರಳಿಟ್ಟ ಚಿತ್ರ

ಅಪ್ಪನ ನಡುಗುವ ಬೆರಳು ಹಲಗೆಯ ಮೇಲೆ ಬರೆದಿದ್ದ ಅನ್ನದ ತಟ್ಟೆ, ನೀರಿನ ಲೋಟ, ಹಾಸಿಗೆ ಎಲ್ಲವನ್ನೂ ದಾಟಿ ಕಂದು ಬಣ್ಣದ ನಾಯಿಯ ಚಿತ್ರದ ಮೇಲೆ ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ.

ಪಾರ್ಶ್ವವಾಯುವಿನಿಂದ ಅಪ್ಪನ ಮಾತು ನಿಂತುಹೋಗಿತ್ತು. ಆಸ್ಪತ್ರೆಯಿಂದ ಹಲಸೂರಿನ ಮನೆಗೆ ಬಂದಮೇಲೆ ಊಟದ ತಟ್ಟೆ ತಳ್ಳುತ್ತಿದ್ದರು, ಮಂಚ ಗುದ್ದುತ್ತಿದ್ದರು. ಬೇಕಾದ್ದನ್ನು ತೋರಿಸಲಿ ಎಂದು ನಾನು ಒಂದೇ ಹಾಳೆಯಲ್ಲಿ ಮೂವತ್ತು ಪುಟ್ಟ ಚಿತ್ರಗಳನ್ನು ಹೆಸರಿನ ಸಮೇತ ಪ್ರಿಂಟ್ ಮಾಡಿಸಿದ್ದೆ. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿದ್ದರು.

ನಯಾಜ್ ಭಾಯ್ ಶಿವಾಜಿನಗರದ ಅಂಗಡಿಗಳಿಗೆ ಬೋರ್ಡ್ ಬರೆಯುವವರು, ಅಪ್ಪನ ಹಳೆಯ ಸ್ನೇಹಿತರು. ಅಪ್ಪನನ್ನು ನೋಡಲು ಬಂದವರು ನನ್ನ ಹಾಳೆ ಕೈಗೆತ್ತಿಕೊಂಡು, "ಇಷ್ಟೊಂದು ತುಂಬಿದ್ರೆ ಕಣ್ಣು ಎಲ್ಲಿ ನಿಲ್ಬೇಕಮ್ಮಾ?" ಎಂದರು. ಮರುದಿನವೇ ಬಿಳಿ ಹಲಗೆಯೊಂದನ್ನು ತಂದರು. ಅದರಲ್ಲಿ ಆರೇ ಚಿತ್ರ. ಒಂದೊಂದೂ ಅಂಗೈಯಗಲ, ಒಂದೊಂದಕ್ಕೂ ಬೇರೆ ಬಣ್ಣ, ಸುತ್ತ ದಪ್ಪ ಕಪ್ಪು ಗೆರೆ. ಆರನೆಯದು, ಅಪ್ಪ ಬೆರಳಿಟ್ಟದ್ದು, ನಮ್ಮ ನಾಯಿ ಟಾಮಿ. ಅಪ್ಪನ ಕಾಲಿಗೆ ಅಡ್ಡ ಬಂದು ಬೀಳಿಸೀತೆಂದು ಅದನ್ನು ಕಲ್ಯಾಣ ನಗರದ ಅಕ್ಕನ ಮನೆಗೆ ಕಳಿಸಿದ್ದೆವು.

"ನಿನ್ನೆ ಮನೇಲಿ ಅದು ಕಾಣ್ಲಿಲ್ಲ, ಅದಕ್ಕೇ ಬರೆದೆ," ಎಂದರು ನಯಾಜ್ ಭಾಯ್.

ಅಂದು ಸಂಜೆಯೇ ಅಕ್ಕ ಟಾಮಿಯನ್ನು ಆಟೋದಲ್ಲಿ ಕರೆತಂದಳು. ಅಪ್ಪ ಅದರ ತಲೆಯ ಮೇಲೆ ಕೈಯಿಟ್ಟುಕೊಂಡೇ ಒಂದು ಬಟ್ಟಲು ಗಂಜಿ ಕುಡಿದರು.

ಈಗ ಅಪ್ಪನಿಗೆ ಅಲ್ಪಸ್ವಲ್ಪ ಮಾತು ಬರುತ್ತಿದೆ. ಮೊನ್ನೆ ನಯಾಜ್ ಭಾಯ್ ಬಂದಾಗ ಕಷ್ಟಪಟ್ಟು "ಭಾಯ್" ಎಂದು ಕರೆದರು. ನಾನು ಹೇಗೆ ಹೇಳಲಿ ಎಂದು ತಿಳಿಯದೆ ಉಳಿಸಿಕೊಂಡಿದ್ದ ಕೃತಜ್ಞತೆಯನ್ನು ಅಪ್ಪ ಆ ಒಂದೇ ಪದದಲ್ಲಿ ಹೇಳಿಬಿಟ್ಟರು.