ನಮ್ಮ ಬಾವಿಗೆ ಬಂದ ಮುಯ್ಯಾಳು

ನನ್ನ ಮೊಮ್ಮಗಳಿಗೆ ಡಾಕ್ಟರೇಟ್ ಬಂದಿದೆ. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿನ ಡಾಕ್ಟರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಯಾಯಿತು. ತರಕಾರಿ ಗಾಡಿಯವನಿಗಂತೂ ಎರಡು ಸಲ ಹೇಳಿದೆ. ಏನು ಓದಿದಳು ಎಂದು ಕೇಳಿದಾಗ ಮಾತ್ರ ನಾಲಗೆ ತೊಡರುತ್ತಿತ್ತು. ಮಹಾಯುದ್ಧ ಮುಗಿದ ಮೇಲೆ ದೇಶದೇಶಗಳು ಒಂದಕ್ಕೊಂದು ಆಸರೆಯಾಗಲು ಹೇಗೆ ಯೋಜನೆ ಹಾಕಿದವು ಎಂಬುದು ಅವಳ ವಿಷಯ. ಅವಳು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು ನಾನು. ಆದರೆ ಆ ಯೋಜನೆಯನ್ನು ಕಣ್ಣಾರೆ ಕಂಡಿದ್ದೇನೆ. ಅದು ನಮ್ಮ ಹೊಸಹಳ್ಳಿಯ ಹೊಲಕ್ಕೇ ಬಂದಿತ್ತು.

ಐವತ್ತರ ದಶಕ, ಮದುವೆಯಾಗಿ ಬಂದ ಹೊಸತು. ಈಗ ಮನೆಗಳೇ ತುಂಬಿರುವ ಇಲ್ಲೆಲ್ಲ ಆಗ ರಾಗಿ, ಅವರೆ. ಮನೆ ಹಿಂದಿನ ನಮ್ಮ ಹೊಲದ ಬಾವಿಯೇ ಇಡೀ ಕೇರಿಗೆ ಕುಡಿಯುವ ನೀರು. ಆ ಬೇಸಿಗೆಯಲ್ಲಿ ಬಾವಿ ಬತ್ತಿ ತಳದ ಬಂಡೆ ಕಾಣಿಸಿತು. ಹೆಂಗಸರೆಲ್ಲ ಕಾಮಾಕ್ಷಿಪಾಳ್ಯದ ಆಚೆ ಒಂದು ತೋಟದ ಬಾವಿಗೆ ನಡೆಯಬೇಕಾಯಿತು. ನಾನು ಚೊಚ್ಚಲ ಬಸುರಿ. ಸೊಂಟದ ಮೇಲೆ ಬಿಂದಿಗೆ ನಿಲ್ಲದಷ್ಟು ಹೊಟ್ಟೆ ಬಂದಿತ್ತು. ಅತ್ತೆಗೆ ಮಂಡಿನೋವು, ನಾನು ಹೋಗದಿದ್ದರೆ ಮನೆಗೆ ನೀರಿಲ್ಲ. ದಾರಿಯಲ್ಲೇ ಹೆತ್ತುಬಿಡುತ್ತೇನೇನೋ ಎಂಬ ಭಯ ನನಗೆ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಸರ್ಕಾರದ ಓವರ್ಸಿಯರು ಒಬ್ಬ ಬಿಳಿಯ ಇಂಜಿನಿಯರನ್ನು ಕರೆದುಕೊಂಡು ಬಂದರು. ಹಿಂದೆ ಲಾರಿ, ಅದರ ಹಿಂದೆ ಬಂಡೆ ಕೊರೆಯುವ ಯಂತ್ರ. ಯಂತ್ರ ಒಂದು ದೇಶದ್ದಂತೆ, ನಡೆಸುವ ಇಂಜಿನಿಯರು ಇನ್ನೊಂದು ದೇಶದವರಂತೆ. ನೀರು ಮಾತ್ರ ನಮ್ಮದು. ನನಗೆ ದೇವರೇ ಬಂದಂತಾಯಿತು.

ಆದರೆ ಮಾವ ಬಾವಿಗೆ ಅಡ್ಡ ನಿಂತರು. ಕೋಪವೇನಲ್ಲ. ನಮ್ಮ ಕಡೆ ಮುಯ್ಯಾಳು ಎಂದರೆ ದೊಡ್ಡ ಮಾತು. ಇವತ್ತು ನಮ್ಮ ಕಳೆಗೆ ನಿಮ್ಮ ಮನೆಯವರು ಬಂದರೆ, ನಾಳೆ ನಿಮ್ಮ ಕೊಯ್ಲಿಗೆ ನಮ್ಮ ಮನೆಯವರು ಹೋಗಲೇಬೇಕು. ಹೋಗದವನು ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಮಾವ ಇಂಜಿನಿಯರಿಗೆ ಕೈಮುಗಿದು ಕೇಳಿದರು:

"ನಿಮ್ಮೂರಲ್ಲಿ ಕೊಯ್ಲು ಯಾವಾಗ ಸ್ವಾಮಿ? ನಾವು ಎಷ್ಟು ಆಳು ಬರಬೇಕು?"

ಓವರ್ಸಿಯರು ನಗು ನುಂಗಿಕೊಂಡರು. "ಗೌಡ್ರೇ, ಅದು ಹಡಗಲ್ಲಿ ಹೋಗೋ ದೇಶ."

"ಹಡಗಾದ್ರೆ ಹಡಗು. ಮೊದ್ಲೇ ಹೇಳ್ಬಿಡ್ಲಿ. ನಮ್ಮ ಕೈಲಿ ಹೋಗೋಕಾಗಲ್ಲ ಅಂದ್ರೆ ಬಾವಿ ಮುಟ್ಟೋದು ಬೇಡ."

ಹಿತ್ತಲ ಬಾಗಿಲಲ್ಲಿ ಖಾಲಿ ಬಿಂದಿಗೆ ಹಿಡಿದು ನಿಂತು ನಾನು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮಾವನ ಎದುರು ಸೊಸೆ ಬಾಯಿ ತೆಗೆಯುವ ಕಾಲವಲ್ಲ ಅದು.

ಏನು ಮಾತು ಅದು ಎಂದು ಇಂಜಿನಿಯರು ಬಿಡದೆ ಕೇಳಿ ತಿಳಿದುಕೊಂಡರು. ಅವರು ನಗಲಿಲ್ಲ. ಟೋಪಿ ತೆಗೆದು ಬಾವಿಯ ಕಲ್ಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು, ಓವರ್ಸಿಯರು ಕನ್ನಡ ಮಾಡಿದರು. ಯುದ್ಧದಲ್ಲಿ ಅವರ ಊರು ಸುಟ್ಟುಹೋಗಿತ್ತಂತೆ. ಉಳಲು ಕುದುರೆ ಇಲ್ಲ, ಬಿತ್ತಲು ಬೀಜ ಇಲ್ಲ. ಹೆಸರೂ ಕೇಳದ ಊರುಗಳಿಂದ ಕಾಳು ಬಂತಂತೆ, ಯಂತ್ರ ಬಂತಂತೆ. ಹಸಿವಿನಿಂದ ಮತ್ತೆ ಯಾರೂ ಹೊಡೆದಾಡಿ ಸಾಯಬಾರದು, ಇದ್ದವರು ಇಲ್ಲದವರ ಕೆಲಸಕ್ಕೆ ಕೈ ಕೊಡಬೇಕು ಎಂದು ದೇಶಗಳವರು ಕೂತು ಗೊತ್ತು ಮಾಡಿದರಂತೆ. ಕಾಳು ಕಳಿಸಿದವರ ಊರನ್ನು ಇಂಜಿನಿಯರು ಇನ್ನೂ ನೋಡಿಲ್ಲವಂತೆ. ಆ ಋಣಕ್ಕೆ ನಮ್ಮೂರಿಗೆ ಬಂದಿದ್ದಾರಂತೆ.

ಮಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಅಂಗಂದ್ರೆ ಮುಯ್ಯಾಳೇ ಅಲ್ವಾ? ಊರು ಒಸಿ ದೊಡ್ಡದು, ಅಷ್ಟೇ. ಇದನ್ನ ಹೇಳೋಕೆ ಇಷ್ಟೊತ್ತು ಯಾಕೆ?" ಎಂದು ಓವರ್ಸಿಯರನ್ನೇ ಗದರಿಸಿ ದಾರಿ ಬಿಟ್ಟರು.

ಆ ಇಂಜಿನಿಯರ ಕೆಲಸವನ್ನು ಏನೆಂದು ಹೊಗಳಲಿ! ಆಳುಗಳನ್ನು ಇಳಿಸುವ ಮುಂಚೆ ತಾವೇ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಿದ್ದರು. ಮೈಯೆಲ್ಲ ಕಲ್ಲುಪುಡಿ ಮೆತ್ತಿಕೊಂಡು ಮೇಲೆ ಬಂದರೆ ನಮ್ಮ ಅತ್ತೆಗೂ ನಗು. ನಮ್ಮ ಮುದ್ದೆಯನ್ನು ಅಗಿದು ಅಗಿದು ಉಂಡರು, ನುಂಗಬೇಕೆಂದು ಎಷ್ಟು ಹೇಳಿದರೂ ಬರಲಿಲ್ಲ. ಕೊನೆಗೊಂದು ದಿನ ಬಂಡೆ ಒಡೆದು ನೀರು ಬುಳಬುಳನೆ ಎದ್ದಿತು. ಮನೆಯ ಪಕ್ಕದಲ್ಲೇ ಬಿಂದಿಗೆ ತುಂಬಿದಾಗ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಆಗ ಹೊಟ್ಟೆಯಲ್ಲಿದ್ದವಳೇ ಈ ಡಾಕ್ಟರಮ್ಮನ ತಾಯಿ.

ಯಂತ್ರ ಮುಂದೆ ಕೆಂಗೇರಿ ಕಡೆಯ ಒಂದು ಹಳ್ಳಿಗೆ ಹೊರಟಿತು. ಯಾರೂ ಕೇಳದಿದ್ದರೂ ಮಾವ ನಸುಕಿಗೇ ಎದ್ದು ಗಾಡಿ ಕಟ್ಟಿ, ಯಂತ್ರದ ಕೊಳವೆ, ಸಲಾಕೆಗಳನ್ನೆಲ್ಲ ಹೇರಿಕೊಂಡು ಲಾರಿಯ ಹಿಂದೆಯೇ ಹೋದರು. ಸಂಜೆ ಬಂದು ಜಗಲಿಯ ಮೇಲೆ ಕೂತಾಗ ಚೊಂಬಿನ ತುಂಬ ನಮ್ಮ ಬಾವಿಯ ನೀರು ಕೊಟ್ಟೆ. ಅವತ್ತು ಹೇಗೋ ಧೈರ್ಯ ಬಂದು ಕೇಳಿಯೇಬಿಟ್ಟೆ.

"ಮುಯ್ಯಿ ತೀರ್ತಾ ಮಾವ?"

ಮಾವ ಗಟಗಟ ಕುಡಿದು ಚೊಂಬು ಕೆಳಗಿಟ್ಟರು.

"ಎಲ್ಲಿ ತೀರ್ತದೆ ಕಣವ್ವ. ಆ ಹಳ್ಳಿಯೋರ ಬಾವೀಲಿ ನೀರು ಬಂದ್ಮೇಲೆ, ಮುಂದ್ಲೂರಿಗೆ ಅವರು ಗಾಡಿ ಕಟ್ತಾರಂತೆ."