ಹೆಸರು ತಪ್ಪಿದ ಒಡಪು

ಅವ್ವನಿಗೆ ಲಕ್ವಾ ಹೊಡೆದದ್ದು ಬೇಸಿಗೆಯಲ್ಲಿ. ಬಲಗೈ, ಬಲಗಾಲು, ಅವುಗಳ ಜೊತೆ ಮಾತೂ ಹೋಯಿತು. ನಮ್ಮೂರು ಮಟಕಿಯಲ್ಲಿ ಅವ್ವ ಬಾಯಿ ತೆರೆದರೆ ಓಣಿಯ ತುದಿಯಲ್ಲಿ ಮಲಗಿದ ನಾಯಿಯೂ ಎದ್ದು ಕೂರುತ್ತಿತ್ತು. ಅಂಥವಳು ನೀರು ಬೇಕಾದರೂ 'ಬ, ಬ' ಎನ್ನುವುದನ್ನು ಕೇಳಿ ನನಗೆ ದಿಕ್ಕೇ ತೋಚಲಿಲ್ಲ. ಕಲಬುರಗಿಯ ಡಾಕ್ಟರು ಮಿದುಳಿನ ಫೋಟೋ ಎತ್ತಿ ಹಿಡಿದರು. "ಮಾತಿನ ಜಾಗಕ್ಕ ಪೆಟ್ಟು ಬಿದ್ದದರಿ. ನೀವು ಆಡಿದ್ದು ಅವರಿಗಿ ಎಷ್ಟು ತಿಳೀತದ, ಈಗ ಹೇಳಾಕ ಬರಂಗಿಲ್ರಿ."

ಅಫಜಲಪುರದ ಶಾಲೆಯಲ್ಲಿ ನಾನು ಪ್ರತಿ ವರ್ಷ ಹೇಳಿಕೊಡುವ ಪಾಠವೊಂದಿದೆ: ಪ್ರಾಣಿಗಳಿಗೂ ಮಿದುಳಿದೆ, ಆದರೆ ಮಾತು ಮನುಷ್ಯನಿಗೆ ಮಾತ್ರ. ಆ ವರ್ಷ ಆ ಪುಟ ಬಿಟ್ಟು ಮುಂದಿನದಕ್ಕೆ ಹೋದೆ. ಹಾಗಾದರೆ ಮಾತು ಹೋದವಳು ಏನಾದಳು? ಒಳಗೆ ನಮ್ಮ ಅವ್ವ ಇದ್ದಾಳೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಾಗಿತ್ತು.

ನೋಡಲು ಬಂದವರಿಗೆ ಆ ಚಿಂತೆ ಇರಲಿಲ್ಲ. ಕೊಟ್ಟಿಗೆಯಲ್ಲಿ ನಿಂತು ದನದ ಬಗ್ಗೆ ಆಡಿದಂತೆ ಅವಳೆದುರೇ ಅವಳ ಬಗ್ಗೆ ಆಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಬಸುರಿಯಾಗಿದ್ದ ತಮ್ಮನ ಹೆಂಡತಿಗೆ ಕುಬಸ ಮಾಡಿದೆವು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿದ್ದಾಯಿತು. ಇನ್ನು ಒಡಪು. ಬೇರೆ ದಿನ ಗಂಡನ ಹೆಸರು ನಾಲಿಗೆಯ ಮೇಲೆ ಬರಬಾರದು; ಇಂಥ ದಿನ ಮಾತ್ರ ಪ್ರಾಸದೊಳಗಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ನಮ್ಮ ಹೆಂಗಸರು ಬಿಡುವವರಲ್ಲ.

"ಹೇಳ ಬೇ, ಎಷ್ಟರೆ ನಾಚ್ತಿ?" ಎಂದು ಎಲ್ಲರೂ ಕಾಡಿದರು. ಹುಡುಗಿ ತಲೆ ಎತ್ತಲಿಲ್ಲ. ಆಗ ಮೂಲೆಯಿಂದ ದನಿ ಬಂತು.

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ..."

ಅವ್ವ! ಹಿಂದೆಯೇ ಅಪ್ಪನ ಹೆಸರು, ಒಂದಕ್ಷರ ತೊದಲದೆ. "ಅವರ ಕೈ ಹಿಡದ ಮ್ಯಾಲ ಬಂತು ನನಗ ಬುದ್ಧಿ."

ನನ್ನ ಕೈಯಲ್ಲಿದ್ದ ಆರತಿ ತಾಟು ನೆಲಕ್ಕೆ ಬಿತ್ತು. ಓಡಿಹೋಗಿ ಅವಳ ಗಲ್ಲ ಹಿಡಿದೆ. "ಯವ್ವಾ, ನೀರು ಅನ್ನ ಬೇ. ನನ್ನ ಹೆಸರು ಹೇಳ ಬೇ."

"ಬ, ಬ" ಅಂದಳು.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಬಾಯಿಪಾಠವಾದ ಹಾಡು, ಪ್ರಾಸ ಮಿದುಳಿನಲ್ಲಿ ಬೇರೆ ಕಡೆ ಉಳಿದಿರಬಹುದಂತೆ. ಅವು ಬಂದ ಮಾತ್ರಕ್ಕೆ ತಿಳುವಳಿಕೆ ಇದೆ ಎಂದುಕೊಳ್ಳಬೇಡಿ ಎಂದರು. ಅದನ್ನು ಅಲ್ಲಿದ್ದವರಿಗೆ ಹೇಳುತ್ತಲೇ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಎಲೆಗೆ ಸುಣ್ಣ ಸವರುತ್ತ ಅಂದಳು: "ಗಿಳಿನೂ ಹೇಳ್ತದ ಬಿಡು. ಆ ಶಿವ ಲಗೂನ ಕರ್ಕೊಂಡ್ರ ಇಕಿಗೂ ಛಲೋ, ನಿಮಗೂ ಛಲೋ." ಅವ್ವನ ಕಾಲ ಹತ್ತಿರವೇ ಕೂತು ಅಂದಳು.

ಪಡಸಾಲೆಯಲ್ಲಿದ್ದ ಅಪ್ಪನಿಗೆ ಇದು ಕೇಳಿಸಿತು. ಹೆಂಗಸರ ಗುಂಪಿಗೆ ಎಂದೂ ಕಾಲಿಡದವನು, ಹೆಂಡತಿಯನ್ನು ಜೀವಮಾನವೆಲ್ಲ 'ಏ, ಕೇಳ್ತಿಯೇನು' ಎಂದೇ ಕರೆದವನು, ಸೀದಾ ಒಳಗೆ ಬಂದು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. "ನಂದೂ ಒಂದು ಒಡಪು ಕೇಳ್ರಿ" ಅಂದ.

"ಕುಸುಬಿ ಹೊಲದಾಗ ಅರಳ್ಯಾವ ಹೂವ..." ಎಂದು ಎಳೆದು, ಒಂದು ಹೆಸರು ಹೇಳಿ, "ಅಂದ್ರ ನನ್ನ ಜೀವ" ಎಂದು ಮುಗಿಸಿದ.

ಆ ಹೆಸರು ಅವ್ವನದಲ್ಲ. ಅವಳ ತಂಗಿಯದು! ಆ ತಂಗಿಯ ರೂಪವನ್ನು ಅಪ್ಪ ಹೊಗಳಿದಾಗಲೆಲ್ಲ ಮನೆಯಲ್ಲಿ ಎರಡು ದಿನ ಒಲೆ ಹೊತ್ತದೆ ಇದ್ದದ್ದುಂಟು, ಅವ್ವನ ಮುಖ ಗಂಟಾಗಿದ್ದುಂಟು. ಮುದುಕನಿಗೂ ತಲೆ ಕೆಟ್ಟಿತೇ ಎಂದು ನಾನು ಗಾಬರಿಯಾದೆ. ಅಷ್ಟರಲ್ಲಿ ಅವ್ವನ ಎಡಗೈ ಮೇಲೆದ್ದಿತು. ಮುಂದಿದ್ದ ಹುಗ್ಗಿಯ ಬಟ್ಟಲು ಹೋಗಿ ಅಪ್ಪನ ಎದೆಗೆ ಬಡಿಯಿತು. ಅವಳ ಕಣ್ಣು ಕೆಂಡವಾಗಿದ್ದವು. ಆಮೇಲೆ, ಅವನು ಬೇಕೆಂದೇ ತಪ್ಪಿ ಹೇಳಿದ್ದು ಹೊಳೆದು, ಅರ್ಧ ಬಾಯಲ್ಲೇ ನಕ್ಕಳು.

"ತಿಳೀತದ! ಇಕಿಗಿ ಎಲ್ಲಾ ತಿಳೀತದ!" ಎಂದು ಅಪ್ಪ ಅಂಗಿಯ ಮೇಲಿನ ಹುಗ್ಗಿಯನ್ನೂ ಒರೆಸಿಕೊಳ್ಳದೆ ಅಳತೊಡಗಿದ.

ನಾನು ಕುಣಿಯಬೇಕಿತ್ತು. ಆದರೆ ಎಲ್ಲ ತಿಳಿಯುತ್ತದೆ ಎಂದರೆ, ಇಷ್ಟು ತಿಂಗಳು ಈ ಮನೆಯಲ್ಲಿ ಯಾರು ಏನೇನು ಅಂದರೋ ಅದೆಲ್ಲ ತಿಳಿದಿದೆ.

ಅವ್ವ ನಗು ನಿಲ್ಲಿಸಿ ನಿಧಾನಕ್ಕೆ ದೊಡ್ಡತ್ತೆಯ ಕಡೆ ತಿರುಗಿದಳು. ದೊಡ್ಡತ್ತೆ ಎಲೆಯನ್ನು ಅಲ್ಲೇ ಬಿಟ್ಟು ಎದ್ದು, ಯಾರಿಗೂ ಹೇಳದೆ, ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದಳು.