ಹಸನಬ್ಬನ ಹಂಚು

ಹಂಚು ಎಸೆಯುವವನು ಮೇಲೆ ನೋಡುವುದಿಲ್ಲ. ನಿಮಗೆ ಗೊತ್ತಿತ್ತೇ? ನೆಲದಲ್ಲಿ ನಿಂತವನು ಜೋಡಿ ಹಂಚನ್ನು ಒಂದೇ ಲಯದಲ್ಲಿ ಮೇಲಕ್ಕೆ ಹಾರಿಸುತ್ತಾನೆ. ಮನೆಯ ಮಾಡಿನ ಮೇಲಿದ್ದವನ ಕೈ ಅಲ್ಲಿ ಇದ್ದೇ ಇರುತ್ತದೆ ಎಂಬ ನಂಬಿಕೆ, ಅಷ್ಟೆ.

ಕಳೆದ ಭಾನುವಾರ ಬೋಳಾರದ ನಮ್ಮ ಮನೆಯ ಒಡೆದ ಹಂಚು ಬದಲಿಸುವ ಕೆಲಸ. ಹೊಸ ಮೇಸ್ತ್ರಿ ಶೇಖರ, ಹಳೆಯ ಕೆಲಸಗಾರ ಹಸನಬ್ಬರನ್ನು ಹಂಚಿನ ಪಾಚಿ ಉಜ್ಜಲು ಕೂರಿಸಿದ್ದ. ಎಸೆಯಲಿಕ್ಕೆ ಯಾಕೆ ಬಿಡುವುದಿಲ್ಲ ಎಂದು ಕೇಳಿದೆ.

"ಅವರ ಎಸೆತ ಸರಿ ಇಲ್ಲ ಮಾರಾಯ್ರೆ. ನಿಮ್ಮ ಮನೆಯಲ್ಲೇ ಅಲ್ವಾ ಆದದ್ದು?" (ಮಾತೆಲ್ಲ ತುಳುವಿನಲ್ಲಿ, ಕನ್ನಡ ನನ್ನದು.)

ಹೌದು. ಎಪ್ಪತ್ತರ ದಶಕದ ಮಾತು. ನಾನಾಗ ಬಿ.ಎ., ಇಂಗ್ಲಿಷ್ ಮೇಜರ್. ಹಂಚು ಹಿಡಿಯುತ್ತೇನೆಂದು ಹಟ ಮಾಡಿ ಮಾಡು ಹತ್ತಿದ್ದೆ. ಹಸನಬ್ಬ ಎಸೆದ ಒಂದು ಜೋಡಿ ನನ್ನನ್ನು ದಾಟಿ ಅಂಗಳಕ್ಕೆ ಬಿತ್ತು. ಹಪ್ಪಳ ಒಣಗಿಸುತ್ತಿದ್ದ ಅಜ್ಜಿಗೂ ಒಡೆದ ಹಂಚಿಗೂ ನಡುವೆ ಒಂದೇ ಗೇಣು. ಅಪ್ಪ ಅಂದೇ ಹಸನಬ್ಬರನ್ನು ಮನೆಗೆ ಕಳಿಸಿದರು. ಮತ್ತೆ ಊರಲ್ಲಿ ಯಾರೂ ಅವರ ಕೈಗೆ ಎಸೆತ ಕೊಡಲಿಲ್ಲ.

ಅಂದಿನ ಡೈರಿ ಹುಡುಕಿ ತೆಗೆದೆ. ಒಂದೇ ಪದ: ಮಿಸ್‌ಥ್ರೋ. ತಪ್ಪು ಎಸೆತ. ಡಿಕ್ಷನರಿ ನೋಡಿ ಬರೆದದ್ದಿರಬೇಕು, ಅಡಿಗೆರೆ ಬೇರೆ ಎಳೆದಿದ್ದೇನೆ.

ನನಗೆ ನೆನಪಿರುವುದು ಬೇರೆಯೇ. ಮಾಡಿನ ಮೇಲಿಂದ ನೇತ್ರಾವತಿ ಕಾಣುತ್ತಿತ್ತು. ಅಳಿವೆಯ ಕಡೆಗೆ ಒಂದು ಮಂಜಿ, ಸರಕಿನ ದೊಡ್ಡ ದೋಣಿ, ಹಾಯಿ ಬಿಚ್ಚಿ, ನೀರಿಗೆ ತಾಗಿಯೂ ತಾಗದ ಹಾಗೆ ಹೋಗುತ್ತಿತ್ತು. ಬಿಸಿಲನ್ನೇ ಹೊಲಿದು ಕಟ್ಟಿದಂಥ ಹಾಯಿ. ಎಷ್ಟು ಹೊತ್ತು ನೋಡಿದೆನೋ!

ಅಥವಾ ಆ ಮಂಜಿ ಇನ್ಯಾವುದೋ ದಿನದ್ದೋ? ಡೈರಿಯಲ್ಲಿ ಅದರ ಸುದ್ದಿಯೇ ಇಲ್ಲ. ನೆನಪನ್ನು ನಾನು ನಂಬುವವನಲ್ಲ. ಈ ಡೈರಿಯನ್ನು ಎಷ್ಟು ನಂಬಲಿ?

ಹೋಗಿ ಹಸನಬ್ಬರ ಪಕ್ಕದಲ್ಲಿ ಕೂತು, ಅವತ್ತು ನಿಜಕ್ಕೂ ಏನಾಯಿತೆಂದು ಕೇಳಿಯೇಬಿಟ್ಟೆ.

"ಹಂಚು ಸರಿಯಾಗಿಯೇ ಬಂದಿತ್ತು," ಎಂದರು, ಉಜ್ಜುವುದನ್ನು ನಿಲ್ಲಿಸದೆ. "ನಿಮ್ಮ ಕೈ ಇರಲಿಲ್ಲ."

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ?

"ನಿಮ್ಮ ಅಪ್ಪ ನಡುಗ್ತಾ ಇದ್ರು. ಅವರ ಹತ್ರ ಎಂತ ಹೇಳುವುದು?"

ಶೇಖರನನ್ನು ಕರೆದು, ಎಲ್ಲರೆದುರೇ, ತಪ್ಪು ನನ್ನದು ಎಂದೆ. ಇಷ್ಟು ವರ್ಷ ಆದ ಮೇಲಾ ಎಂದು ಅವನು ನಕ್ಕ. ನಗಲಿ. ನಾನು ಏಣಿ ಹತ್ತಿದೆ. ಹಸನಬ್ಬ ಕೈ ಒರೆಸಿಕೊಂಡು ಎದ್ದು, ಎರಡು ಹಂಚು ಜೋಡಿಸಿಕೊಂಡರು.

ಈ ಸಲವೂ ಅವರು ಮೇಲೆ ನೋಡಲಿಲ್ಲ. ನಾನು ನದಿ ನೋಡಲಿಲ್ಲ.